ಬರದ ದಾರಿ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂದು ನಮ್ಮಲ್ಲಿ ಹಿರಿಯರು ಹೇಳುತ್ತ ಬಂದಿರುವರು. ನಾನು ಚಿಕ್ಕಂದಿನಿಂದಲೂ ಕೋಶದ ಪಕ್ಷವನ್ನೇ ಹಿಡಿದವನು. ಹನ್ನೆರಡನೆಯ ವಯಸ್ಸಿಗೆ ಒಂದು ಮಠದ ಸಂಸ್ಕೃತ ಪಾಠಶಾಲೆಯನ್ನು ಸೇರಿ ಅಮರಕೋಶವನ್ನು ಬಾಯಿಪಾಠ ಮಾಡಹತ್ತಿದೆನು. ಅಲ್ಲಿಂದ ಕಾವ್ಯ, ಅಲ್ಲಿಂದ ವ್ಯಾಕರಣ, ಕೊನೆಗೆ ಹೈಸ್ಕೂಲಿನಲ್ಲಿ ಸಂಸ್ಕೃತ-ಕನ್ನಡಗಳ ಮಾಸ್ತರಿಕೆ. ಗೋಕಾವಿಯ ಪೇಟೆಯಲ್ಲಿ ಮನೆ. ಮನೆಯಿಂದ ಶಾಲೆಗೆ ಅರ್ಧ ಮೈಲು. ಶಾಲೆಯಿಂದ ವಾಚನಾಲಯಕ್ಕೆ ಕಾಲು ಮೈಲು. ಮೂವತ್ತನಾಲ್ಕು ವರುಷ ನಾನು ಸುತ್ತಿದ ದೇಶವು ಇಷ್ಟೇ. ಅಂಥವನು ಅರವತ್ತೈದನೆಯ ವಯಸ್ಸಿನಲ್ಲಿ, ಈ ವರುಷದ ವೈಶಾಖ ಬಹುಳದಲ್ಲಿ, ನಾಲ್ಕು ದಿನ ಮೂರು ರಾತ್ರಿ ಒಂದು ಸರಕಿನ ಗಾಡಿಯ ಬೆನ್ನಿನ ಮೇಲೆ ಮಲಗಿ ಎದ್ದು, ಗೋಕಾವಿ, ಮೂಡಲಗಿ, ಹುಕ್ಕೇರಿ ಸೀಮೆಗಳ ಅಡ್ಡದಾರಿಗಳನ್ನು ತಿರುಗಿ ಬಂದನೆಂದರೆ ಪರಿಚಿತರು ನಗುವದು ಸಹಜವೇ. ನಕ್ಕವರಲ್ಲಿ ಒಬ್ಬರು ಈ ಪತ್ರಿಕೆಯ ಸಂಪಾದಕರು. ಅವರ ಒತ್ತಾಯದಿಂದಲೇ ಇದನ್ನು ಬರೆಯುತ್ತಿರುವೆನು.

ಗಾಡಿಯು ನನ್ನ ತಮ್ಮನದು. ತಮ್ಮನು ಹೋದ ವರುಷ ತೀರಿಕೊಂಡನು. ಈಗ ಅದನ್ನು ಅವನ ಮಗನು ನಡಿಸುತ್ತಿರುವನು; ಬದನೆ, ಟೊಮ್ಯಾಟೊ, ಅರಿಷಿಣದ ಚೀಲ, ಒಮ್ಮೊಮ್ಮೆ ಮದುವೆಯ ಪಾತ್ರೆಪಗಡ, ಹೀಗೆ ಬಾಡಿಗೆ ಸಿಕ್ಕುದನ್ನೆಲ್ಲ ಹೊರುವ ಗಾಡಿ. ಹುಡುಗನು ತನ್ನ ಮೊಬೈಲಿನಲ್ಲಿ ಯಾವದೋ ದೃಶ್ಯವನ್ನು ಕಂಡಿದ್ದನು. ಅಮೆರಿಕದ ಪಶ್ಚಿಮದ ಮರುಭೂಮಿಗಳಲ್ಲಿ ಜನರು ಇಂಥವೇ ಗಾಡಿಗಳ ಬೆನ್ನಿಗೆ ಒಂದು ಪುಟ್ಟ ಮನೆಯನ್ನು ಕೂಡಿಸಿಕೊಂಡು, ಅದರಲ್ಲಿಯೇ ಅಡಿಗೆ ಮಾಡಿ, ಅದರಲ್ಲಿಯೇ ಮಲಗಿ, ಡಾಂಬರು ಕಾಣದ ದಾರಿಗಳಲ್ಲಿ ವಾರಗಟ್ಟಲೆ ಅಲೆಯುವರಂತೆ. "ದೊಡ್ಡಪ್ಪಾ, ನಮ್ಮ ಗಾಡೀನೂ ಹಂಗ ಮಾಡೇನಿ, ಬಂದು ನೋಡ್ರಿ" ಎಂದು ಕರೆದನು. ಹೋಗಿ ನೋಡಿದರೆ ಕಬ್ಬಿಣದ ಮೂರು ಕಮಾನುಗಳನ್ನು ಬಗ್ಗಿಸಿ ನಿಲ್ಲಿಸಿ, ಮೇಲೆ ತಾಡಪತ್ರಿಯನ್ನು ಬಿಗಿದು, ಒಳಗೆ ಎರಡು ಹಲಗೆ ಹಾಸಿ ಕೌದಿ ಹೊಚ್ಚಿದ್ದನು. ಒಂದು ಮೂಲೆಗೆ ನೀರಿನ ಡ್ರಮ್ಮು, ಇನ್ನೊಂದು ಮೂಲೆಗೆ ಸಣ್ಣ ಗ್ಯಾಸಿನ ಒಲೆ, ಮೇಲೊಂದು ದೀಪ. ನನಗೆ ನಗು ಬಂದಿತು. ಬನದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ನಮ್ಮ ಅಜ್ಜನ ಕಾಲದವರು ಹೂಡಿಕೊಂಡು ಹೋಗುತ್ತಿದ್ದ ಕೊಲ್ಲಾರಿ ಬಂಡಿಯೇ ಇದು! ಕಮಾನು ಬಿದಿರಿನದು ಹೋಗಿ ಕಬ್ಬಿಣದ್ದಾಗಿದೆ, ಚಾಪೆ ಹೋಗಿ ತಾಡಪತ್ರಿಯಾಗಿದೆ, ಎತ್ತುಗಳು ಹೋಗಿ ಡೀಸೆಲ್ಲು ಬಂದಿದೆ. ಇದಕ್ಕಾಗಿ ಅಮೆರಿಕದವರೆಗೆ ನೋಡಬೇಕಾಗಿರಲಿಲ್ಲವೆಂದು ನಾನೆಂದೆನು. ಹುಡುಗನು ನಗಲಿಲ್ಲ. "ಅಪ್ಪಾ ನಿಮ್ಮನ್ನ ಕರಕೊಂಡು ಆ ದಾರಿ ತೋರಿಸಬೇಕಂತ ಭಾಳ ಸಲ ಅಂದಿದ್ದ. ನಿಮಗ ಬಿಡುವು ಇರಲಿಲ್ಲ" ಎಂದನು.

ಬಿಡುವು ಇರಲಿಲ್ಲವೆಂಬದು ಸತ್ಯವಲ್ಲ. ತಮ್ಮನು ಕರೆದಾಗಲೆಲ್ಲ ನಾನು ಪರೀಕ್ಷೆಯ ನೆವ ಹೇಳಿದೆನು, ನಿವೃತ್ತನಾದ ಮೇಲೆ ಮೊಣಕಾಲಿನ ನೆವ ಹೇಳಿದೆನು. ಆ ದಾರಿ ಯಾವದೆಂಬದು ನನಗೆ ಗೊತ್ತಿತ್ತು. ಅದನ್ನು ಮುಂದೆ ಹೇಳುವೆನು.

ವಾಚಕರು ಆಕ್ಷೇಪಿಸುವ ಮೊದಲೇ ಒಪ್ಪಿಕೊಳ್ಳುವೆನು: ನಮ್ಮ ಸೀಮೆಯನ್ನು ಮರುಭೂಮಿಯೆಂದರೆ ಅತಿಶಯೋಕ್ತಿಯಾಗುವದು. ವರುಷಕ್ಕೆ ೨೫೦ ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವಲ್ಲಿ ಮರುಭೂಮಿ ಎನ್ನುವದು ಭೂಗೋಲದವರ ರೂಢಿ. ಗೋಕಾವಿಯ ಕಡೆ ಅದಕ್ಕೆ ಇಮ್ಮಡಿಯಷ್ಟು ಬೀಳುವದು. ಆದರೆ ನೇರ ಗೆರೆ ಎಳೆದರೆ ನೂರು ಕಿಲೋಮೀಟರಿನೊಳಗೆ ಇರುವ ಸಹ್ಯಾದ್ರಿಯ ಆಂಬೋಲಿಯಲ್ಲಿ ೭೦೦೦ ಮಿಲಿಮೀಟರಿನಷ್ಟು ಸುರಿಯುವದೆಂಬದನ್ನು ನೆನೆದರೆ ನಮ್ಮ ಪಾಲು ಎಷ್ಟು ಅಲ್ಪವೆಂದು ತಿಳಿಯುವದು. ಮೋಡಗಳು ಘಟ್ಟದ ಮೇಲೆಯೇ ಬರಿದಾಗಿ ನಮ್ಮೆಡೆಗೆ ಬರಿಯ ನೆರಳನ್ನು ಕಳಿಸುವವು. ಇದಕ್ಕೆ ಶಾಸ್ತ್ರಜ್ಞರು ಮಳೆಯ ನೆರಳೆಂದೇ ಹೆಸರಿಟ್ಟಿರುವರು. ನಮ್ಮ ಆಯುರ್ವೇದದ ಪೂರ್ವಿಕರು ಭೂಮಿಯನ್ನು ಅನೂಪ, ಜಾಂಗಲ, ಸಾಧಾರಣವೆಂದು ಮೂರು ಬಗೆ ಮಾಡಿದರು. ನೀರು ಕಡಿಮೆ, ಗಾಳಿ ಹೆಚ್ಚು, ಮುಳ್ಳಿನ ಗಿಡ್ಡ ಗಿಡಗಳೇ ಬಹಳವಾದ ಬಯಲು ಜಾಂಗಲ. ಈ ಶಬ್ದವೇ ಕಾಲಾಂತರದಲ್ಲಿ ಇಂಗ್ಲಿಷರ ಬಾಯಿಗೆ ಬಿದ್ದು ಗೊಂಡಾರಣ್ಯವೆಂಬ ತಿರುಗುಮುರುಗು ಅರ್ಥವನ್ನು ಪಡೆದದ್ದು ಒಂದು ವಿನೋದ. ಇರಲಿ. ಗೋಕಾವಿಯಿಂದ ಮೂಡಣಕ್ಕೆ ಹರಡಿದ ಮಡ್ಡಿಯು ಲಕ್ಷಣಶುದ್ಧವಾದ ಜಾಂಗಲ ದೇಶ.

ಹೊರಟ ದಿನ ಮನೆಯವರು ಖಡಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಉಳ್ಳಾಗಡ್ಡಿಗಳ ಬುತ್ತಿಯನ್ನು ಕಟ್ಟಿಕೊಟ್ಟರು. ರೊಟ್ಟಿಯ ಹಿಟ್ಟು ನಮ್ಮ ಹೊಲದ ಜೋಳದ್ದು. ಇದನ್ನು ಇಲ್ಲಿ ಹೇಳುವದಕ್ಕೆ ಕಾರಣವುಂಟು. ನಮ್ಮ ಪಿತ್ರಾರ್ಜಿತವಾದ ನಾಲ್ಕು ಎಕರೆ ಮಡ್ಡಿ ಯಾದವಾಡದ ಕಡೆಗಿರುವದು. ಉತಾರದಲ್ಲಿ ನಮ್ಮಿಬ್ಬರ ಹೆಸರೂ ಇದ್ದವು, ದುಡಿದವನು ತಮ್ಮನೊಬ್ಬನೇ. ಪ್ರತಿ ವರುಷ ಸುಗ್ಗಿಯಾದ ಮೇಲೆ "ಅಣ್ಣನ ಪಾಲು" ಎಂದು ಒಂದು ಚೀಲ ಬಿಳಿಜೋಳ ನಮ್ಮ ಮನೆಗೆ ಬರುತ್ತಿತ್ತು. ಮೂವತ್ತು ವರುಷಗಳಲ್ಲಿ ಒಮ್ಮೆಯೂ ತಪ್ಪಲಿಲ್ಲ. ಪೇಟೆಯ ಜೋಳಕ್ಕೆ ಈ ರುಚಿ ಬಾರದೆಂದು ನಮ್ಮ ಮನೆಯವರು ಬಂದವರೆದುರು ಹೇಳುವರು. ೨೦೦೩ರ ಬರದಲ್ಲಿ ಸುತ್ತಲಿನ ಊರುಗಳಿಗೆಲ್ಲ ಬಿತ್ತಿದ್ದು ಬಾರದಿದ್ದಾಗ, ನಮ್ಮ ಹೊಲ ಮಾತ್ರ ಕೈಬಿಡಲಿಲ್ಲವೆಂದು ಶಾಲೆಯಲ್ಲಿ ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆನು.

ಮೊದಲ ದಿನ ಜಲಪಾತದ ಕಡೆಗೆ ಹೋಗಿ ಬಂದೆವು. ಘಟಪ್ರಭೆಯು ೧೭೦ ಅಡಿ ಕೆಳಗೆ ಧುಮುಕುವ ಆ ಸ್ಥಳದಲ್ಲಿ ವೈಶಾಖದಲ್ಲಿ ಒಂದೆರಡು ನೀರೆಳೆಗಳು ಮಾತ್ರ ಬಂಡೆಗೆ ಅಂಟಿಕೊಂಡಿದ್ದವು. ಇದೇ ನದಿಯು ೨೦೧೯ರ ಆಗಸ್ಟಿನಲ್ಲಿ ಗೋಕಾವಿಯ ಪೇಟೆಯೊಳಗೆ ಹೊಕ್ಕು ಮನೆಗಳನ್ನು ಕೆಡವಿತು. ಆ ಮಹಾಪೂರದ ನೀರು ನಮ್ಮ ಮೋಡದ್ದಲ್ಲ. ಘಟ್ಟದ ಮಳೆ ನಮ್ಮ ಬರಗೆಟ್ಟ ನೆಲದ ಮೇಲೆ ಹಾದು ಹೋಗುವಾಗ ಮಾಡಿಹೋದ ಅನರ್ಥ.

ಊರು ದಾಟಿ ಹೆದ್ದಾರಿಯನ್ನು ಬಿಟ್ಟೊಡನೆ ನನಗೆ ಅಮರಕೋಶವು ನೆನಪಾಗಹತ್ತಿತು. ದಾರಿಗೆ ಅಲ್ಲಿ ಹನ್ನೆರಡು ಹೆಸರುಗಳಿವೆ. ಒಂದೇ ಹೆಜ್ಜೆ ಹಿಡಿಯುವಷ್ಟು ಸಣ್ಣದು ಏಕಪದಿ. ದೂರದವರೆಗೆ ನೆರಳಿಲ್ಲದೆ, ಊರಿಲ್ಲದೆ ಬರಿದಾಗಿ ಸಾಗುವದು ಪ್ರಾಂತರ. ಹೋಗಲು ದುಸ್ತರವಾದದ್ದು ಕಾಂತಾರ. ಇವನ್ನೆಲ್ಲ ಒದರಿ ಒಪ್ಪಿಸಿ ಗುರುಗಳಿಂದ ಭೇಷ್ ಎನ್ನಿಸಿಕೊಂಡವನಿಗೆ ಇವುಗಳ ನಡುವಿನ ಅಂತರವು ತಿಳಿಯಬೇಕಾದರೆ ಐವತ್ತು ವರುಷ ಬೇಕಾಯಿತು. ನಮ್ಮ ರೈತರ ಹೆಸರುಗಳೇನು ಕಡಿಮೆಯವಲ್ಲ: ಹಾದಿ, ಕಾಲುದಾರಿ, ಬಂಡಿದಾರಿ, ಸೀಳುದಾರಿ, ಒಳದಾರಿ. ಹುಡುಗನು ಒಂದೊಂದನ್ನೂ ಗಾಲಿಯ ಸಪ್ಪಳದಿಂದಲೇ ಗುರುತಿಸುವನು. ಎರೆಯ ಮೇಲೆ ಗಾಲಿ ಮೆತ್ತಗೆ ಉಸಿರಿಡುವದು, ಮಸಾರಿಯ ಮೇಲೆ ಕರಕರ ಎನ್ನುವದು, ಹಾಸುಗಲ್ಲು ಬಂದರೆ ನಮ್ಮ ಹಲ್ಲುಗಳೇ ಸಪ್ಪಳ ಮಾಡುವವು.

ಬೆಟಗೇರಿಯ ಮೇಲಿಂದ ಕೌಜಲಗಿಗೆ, ಅಲ್ಲಿಂದ ಕುಲಗೋಡಿಗೆ. ನೋಡಿದರೆ ಹಂಚಿನ ಮನೆ, ಬೇವು, ಬನ್ನಿ, ಜಾಲಿ, ಕುರಿಯ ಹಟ್ಟಿ. ಆದರೆ ಈ ಬಡ ನೆಲದ ಅಕ್ಷರಸಂಪತ್ತು ಸಣ್ಣದಲ್ಲ. ಬೆಟಗೇರಿಯು 'ಜಯಂತಿ' ಮಾಸಪತ್ರಿಕೆಯನ್ನು ನಡೆಸಿದ ಆನಂದಕಂದರು ೧೯೦೦ರಲ್ಲಿ ಹುಟ್ಟಿದ ಊರು. ಇದೇ ಗೋಕಾವಿ ಸೀಮೆಯ ಮಲಾಮರಡಿಯು ೧೯೧೯ರಲ್ಲಿ ಬಸವರಾಜ ಕಟ್ಟೀಮನಿಯವರನ್ನು ಹೆತ್ತಿತು. ಕುಲಗೋಡ ತಮ್ಮಣ್ಣನು ಕೃಷ್ಣಪಾರಿಜಾತವನ್ನು ಆಟಕ್ಕೆ ತಂದದ್ದು ಇಲ್ಲಿಯೇ. ಸ್ವರ್ಗದ ಪಾರಿಜಾತಕ್ಕಾಗಿ ಸತ್ಯಭಾಮೆ ಮುನಿಯುವ ಕಥೆಯನ್ನು, ನಾಲ್ಕು ಹೂಗಿಡಗಳನ್ನು ಸಾಕುವದಕ್ಕೂ ನೀರಿಲ್ಲದ ಊರಿನ ಜನರು ಬೆಳತನಕ ಕುಳಿತು ನೋಡಿರುವರು. ಚಿಕ್ಕವನಿದ್ದಾಗ ನಾನೂ ತಮ್ಮನೂ ಒಂದೇ ಕಂಬಳಿ ಹೊದ್ದುಕೊಂಡು ನೋಡಿದ್ದುಂಟು. ಕೊರವಂಜಿಯ ಹಾಸ್ಯ ಬಂದಾಗ ತಮ್ಮನನ್ನು ಎಬ್ಬಿಸಬೇಕು, ಹಾಡು ಬಂದಾಗ ನನ್ನನ್ನು ಎಬ್ಬಿಸಬೇಕು ಎಂದು ಕರಾರು.

ಕುಲಗೋಡದ ಆಚೆ ಒಂದು ಹಳ್ಳದ ಉಸುಕಿನಲ್ಲಿ ನಮ್ಮ ರಥವು ಹೂತಿತು. ಹುಡುಗನು ಗಾಲಿ ತಿರುಗಿಸಿದಷ್ಟೂ ಆಳಕ್ಕೆ ಇಳಿಯಹತ್ತಿತು. ನಾನು ಕರ್ಣನ ಕಥೆಯನ್ನು ನೆನೆದು ಸುಮ್ಮನೆ ಕುಳಿತೆನು. ಇಂಥ ಸಮಯದಲ್ಲಿ ವಿದ್ವತ್ತು ಮಾಡಬಹುದಾದ ಸಹಾಯ ಅಷ್ಟೇ. ಆಗ ದಂಡೆಯ ಮೇಲೆ ಕುರಿಗಳನ್ನು ಅಟ್ಟಿಕೊಂಡು ಒಬ್ಬ ಕುರುಬ ಮುದುಕನು ಬಂದನು. ಹೆಗಲಿಗೆ ಕಂಬಳಿ, ಹಿಂದೆ ಸಾಮಾನು ಹೊತ್ತ ಒಂದು ಸಣ್ಣ ಕುದುರೆ. ನೋಡಿ ನಿಂತು, "ಗಾಲಿ ತಿರವಬ್ಯಾಡೋ ತಮ್ಮಾ. ಅರ್ಧ ಗಾಳಿ ಬಿಡು" ಎಂದನು. ಅವನು ಟ್ರ್ಯಾಕ್ಟರಿನವರು ಹಾಗೆ ಮಾಡುವದನ್ನು ಕಂಡಿದ್ದನಂತೆ. ಗಾಳಿ ಬಿಟ್ಟರೆ ಟಾಯರು ಚಪ್ಪಟೆಯಾಗಿ ನೆಲವನ್ನು ಅಗಲವಾಗಿ ಹಿಡಿಯುವದು, ಭಾರ ಹಂಚಿಹೋಗುವದು. ಒಂಟೆಯ ಪಾದವನ್ನು ಬ್ರಹ್ಮನು ಅಗಲ ಮಾಡಿದ್ದರ ಮರ್ಮವೂ ಇದೇ. ಮುಂದೆ ಗೋಣಿಚೀಲಗಳನ್ನು ಹಾಸಿ ಮೆಲ್ಲಗೆ ಎಬ್ಬಿಸಿದೆವು. ಗಾಡಿ ದಂಡೆಗೆ ಹತ್ತಿತು. ಆಮೇಲೆ ಕೈಪಂಪಿನಿಂದ ನಾಲ್ಕೂ ಗಾಲಿಗೆ ಗಾಳಿ ತುಂಬುವದರಲ್ಲಿ ಹುಡುಗನಿಗೆ ಒಂದು ತಾಸು ಹಿಡಿಯಿತು. ಮುದುಕನಿಗೆ ರೊಟ್ಟಿ ಕೊಟ್ಟೆವು. ಅವನ ವರುಷದ ಹತ್ತು ತಿಂಗಳು ದಾರಿಯ ಮೇಲೆಯೇ. ಹೊಲದವರು ಕುರಿ ನಿಲ್ಲಿಸಿಕೊಂಡು ಹಿಕ್ಕೆಯ ಗೊಬ್ಬರಕ್ಕೆ ಕಾಳೋ ರೊಕ್ಕವೋ ಕೊಡುವರು. ಈಗ ಎಲ್ಲ ಕಡೆ ಕಬ್ಬು ನಿಂತಿರುವದರಿಂದ ಕುರಿ ನಿಲ್ಲಿಸುವ ಬಯಲೇ ಇಲ್ಲವಾಗುತ್ತಿದೆಯೆಂದು ಹೇಳಿದನು. ನಮ್ಮ ಗಾಡಿಯೊಳಗೆ ಇಣಿಕಿ ನೋಡಿ, ಕೌದಿಯನ್ನು ಮುಟ್ಟಿ, "ಚಲೋ ಐತಿ. ಆದರ ಇದರಾಗ ಮಲಗಿದರ ಚುಕ್ಕಿ ಹೆಂಗ ಕಾಣತಾವ?" ಎಂದು ಕೇಳಿದನು. ಅಂದಿನಿಂದ ಹುಡುಗನು ರಾತ್ರಿ ತಾಡಪತ್ರಿಯ ಹಿಂಬದಿಯನ್ನು ಎತ್ತಿ ಕಟ್ಟಹತ್ತಿದನು.

ಎರಡನೆಯ ದಿನ ಮಧ್ಯಾಹ್ನ, ಬಿಸಿಲ್ಗುದುರೆಯು ಮುಂದೆ ಮುಂದೆ ಓಡುತ್ತಿರುವಾಗ, ಆ ದಾರಿಗೆ ಬಂದೆವು.

ಇಲ್ಲಿ ೧೯೭೨ರ ಮಾತನ್ನು ಹೇಳದೆ ಗತ್ಯಂತರವಿಲ್ಲ. ಆ ವರುಷ ಮುಂಗಾರೂ ಬರಲಿಲ್ಲ, ಹಿಂಗಾರೂ ಬರಲಿಲ್ಲ. ನನಗೆ ಹನ್ನೆರಡು, ತಮ್ಮನಿಗೆ ಒಂಬತ್ತು. ಮೊದಲು ಎತ್ತುಗಳು ಹೋದವು, ಆಮೇಲೆ ಅವ್ವನ ಬೆಳ್ಳಿಯ ಡಾಬು, ಆಮೇಲೆ ಹಂಡೆ. ಪರದೇಶದಿಂದ ಬಂದ ಕೆಂಪುಜೋಳವನ್ನು ಹಂಚುತ್ತಿದ್ದರು. ಅದರ ರೊಟ್ಟಿ ಬಡಿದರೆ ಸೀಳುತ್ತಿತ್ತು. ಒಂದು ಮುಂಜಾನೆ ಅಪ್ಪನು ನನ್ನ ಕೈ ಹಿಡಿದು ಒಂದೂವರೆ ದಿನ ನಡೆಸಿ ಮಠದ ಪಾಠಶಾಲೆಗೆ ಒಯ್ದು ಬಿಟ್ಟನು. ಅಲ್ಲಿ ವಿದ್ಯಾರ್ಥಿಗಳಿಗೆ ಎರಡು ಹೊತ್ತಿನ ಊಟವಿತ್ತು. ಮೊದಲ ರಾತ್ರಿ ನುಚ್ಚು ಮತ್ತು ಸಾರು. ನಾನು ನಾಲ್ಕು ಸಲ ನೀಡಿಸಿಕೊಂಡೆನು. ಐದನೆಯ ಸಲ ನೀಡುವವರೇ ನಿಂತು ನನ್ನ ಮುಖವನ್ನು ನೋಡಿದರು. ಮರುದಿನ ಅಮರಕೋಶದ ಮೊದಲ ಪಾಠವಾಯಿತು.

ಮುಂದೆ ಶಾಲೆಯ ಸಮಾರಂಭಗಳಲ್ಲಿ, ನನ್ನ ಬೀಳ್ಕೊಡುಗೆಯ ದಿನವೂ ಕೂಡ, ನಮ್ಮ ತಂದೆಯವರಿಗೆ ದೇವಭಾಷೆಯಲ್ಲಿ ಅಪಾರ ಭಕ್ತಿಯಿದ್ದುದರಿಂದ ನನ್ನನ್ನು ಪಾಠಶಾಲೆಗೆ ಒಪ್ಪಿಸಿದರೆಂದು ನಾನು ಭಾಷಣ ಮಾಡಿರುವೆನು. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಮನೆಯಲ್ಲಿ ಒಂದು ಬಾಯಿ ಕಡಿಮೆಯಾಗಬೇಕಾಗಿತ್ತು. ಇದ್ದ ಇಬ್ಬರಲ್ಲಿ ಕೇಳಿದ್ದನ್ನು ತಿರುಗಿ ಹೇಳಬಲ್ಲವನು ನಾನಾದುದರಿಂದ ನನ್ನನ್ನು ಅಲ್ಲಿ ಸೇರಿಸಿಕೊಂಡಾರೆಂದು ಅವನು ಲೆಕ್ಕ ಹಾಕಿದನು. ಆ ಲೆಕ್ಕ ಸರಿಯಾಗಿಯೇ ಬಂದಿತು. ತಮ್ಮನು ಮನೆಯಲ್ಲಿ ಉಳಿದನು. ಸರಕಾರವು ಬರಗಾಲದ ಕಾಮಗಾರಿಯೆಂದು ಮಡ್ಡಿಯಲ್ಲಿ ರಸ್ತೆ ಹಾಕಿಸಹತ್ತಿತ್ತು. ಅಪ್ಪನು ಕಲ್ಲು ಎಬ್ಬಿಸುವನು, ಅವ್ವನು ಖಡಿ ಒಡೆಯುವಳು, ತಮ್ಮನು ಬುಟ್ಟಿಯಲ್ಲಿ ಹೊತ್ತು ರಸ್ತೆಗೆ ಚೆಲ್ಲುವನು. ನಾನು ಮಾರ್ಗಕ್ಕೆ ಪರ್ಯಾಯ ಶಬ್ದಗಳನ್ನು ಉರು ಹೊಡೆಯುತ್ತಿದ್ದ ತಿಂಗಳುಗಳಲ್ಲಿಯೇ ಅವರು ಮಾರ್ಗವನ್ನು ಮಾಡುತ್ತಿದ್ದರು. ತಮ್ಮನ ಶಾಲೆ ಅಲ್ಲಿಗೇ ನಿಂತಿತು, ಮತ್ತೆ ಸುರುವಾಗಲಿಲ್ಲ.

ಆ ರಸ್ತೆಯ ಬಹುಭಾಗಕ್ಕೆ ಈಗ ಡಾಂಬರು ಬಿದ್ದಿದೆ. ಆದರೆ ಒಂದು ತಿರುವಿನಲ್ಲಿ ಊರವರು ಹೊಸ ದಾರಿ ಮಾಡಿಕೊಂಡದ್ದರಿಂದ ಹಳೆಯದೊಂದು ತುಂಡು ಹಾಗೆಯೇ ಉಳಿದಿರುವದು. ಎರಡೂ ಬದಿಗೆ ತಂಗಡಿಯ ಹಳದಿ ಹೂ. ನಡುವೆ ಕವಳಿಯ ಕಂಟಿ ಬೆಳೆದಿದೆ. ಹುಡುಗನು ಗಾಡಿ ನಿಲ್ಲಿಸಿದನು. "ಇಲ್ಲಿಂದ ಆ ಬೇವಿನ ಗಿಡದ ತನಕಾ ಆಯಿ ಮತ್ತ ಅಪ್ಪಾ ಮಾಡಿದ್ದಂತ. ನನ್ನ ಸಣ್ಣಾಂವ ಇದ್ದಾಗ ಕರಕೊಂಡು ಬಂದು ತೋರಿಸಿದ್ದ" ಎಂದನು.

ನಾನು ಇಳಿದು ನಡೆದೆನು. ನೂರಾ ಎಂಬತ್ತು ಹೆಜ್ಜೆ. ಖಡಿಗಳು ಮುಷ್ಟಿಗಿಂತ ಸಣ್ಣವು. ಗಾಲಿ ಹಾಯದಲ್ಲಿ ಅವುಗಳ ಅಂಚು ಇನ್ನೂ ಮೊಂಡಾಗಿರಲಿಲ್ಲ. ಒಂದನ್ನು ಎತ್ತಿಕೊಂಡು ಮತ್ತೆ ಅಲ್ಲಿಯೇ ಇಟ್ಟೆನು. ಇಟ್ಟುಕೊಳ್ಳುವದಕ್ಕೆ ಅದು ನನ್ನದಾಗಿರಲಿಲ್ಲ.

ಅಂದಿನ ರಾತ್ರಿ ಗಾಡಿಯನ್ನು ಆ ಬೇವಿನ ಕೆಳಗೇ ನಿಲ್ಲಿಸಿ ಮಲಗಿದೆವು. ಕೃತ್ತಿಕಾ ಮಳೆಯ ಕಾಲ, ಮಳೆಯ ಸುಳಿವಿಲ್ಲ. ತೆರೆದ ಹಿಂಬದಿಯಿಂದ ವೃಶ್ಚಿಕದ ಬಾಲವು ಮೇಲೇರುವದು ಕಾಣುತ್ತಿತ್ತು. ಕಬ್ಬಿಣದ ತಳವು ಹಗಲಿನ ಕಾವನ್ನು ನಡುರಾತ್ರಿಯವರೆಗೆ ಬಿಡಲಿಲ್ಲ, ಆಮೇಲೆ ಒಮ್ಮೆಲೇ ತಣ್ಣಗಾಯಿತು. ನನಗೆ ನಿದ್ದೆ ಬಂದಿಲ್ಲವೆಂದು ಹುಡುಗನಿಗೆ ಗೊತ್ತಾಗಿರಬೇಕು.

"ಅಪ್ಪಾಗ ನಿಮ್ಮ ಮ್ಯಾಲ ಸಿಟ್ಟಿರಲಿಲ್ಲ, ದೊಡ್ಡಪ್ಪಾ."

"ಇದ್ದರ ಚಲೋ ಇತ್ತಪಾ" ಎಂದೆನು.

ಅವನು ಬಹಳ ಹೊತ್ತು ಸುಮ್ಮನಿದ್ದನು. ಬಳಿಕ, ಅಪ್ಪನು ಬೇರೆಯವರಿಗೆ ನನ್ನ ಗುರುತು ಹೇಳುವಾಗ ನಗುತ್ತಿದ್ದನೆಂದೂ, "ನಮ್ಮಣ್ಣ ಶ್ಲೋಕಾ ತಿಂದು ಬೆಳದಾಂವ, ನಾ ಖಡೀ ತಿಂದು ಬೆಳದಾಂವ, ಅದಕ್ಕ ನನ್ನ ಹಲ್ಲು ಗಟ್ಟಿ" ಎನ್ನುತ್ತಿದ್ದನೆಂದೂ ಹೇಳಿದನು. ಈ ಮಾತನ್ನು ತಮ್ಮನು ನನ್ನೆದುರಿಗೆ ಎಂದೂ ಆಡಿರಲಿಲ್ಲ.

ನನ್ನ ಕೈಚೀಲದಲ್ಲಿ ಒಂದು ಕಾಗದವಿತ್ತು. ವಕೀಲರಿಂದ ಬರೆಯಿಸಿದ ಹಕ್ಕು ಬಿಡುಗಡೆಯ ಕರಡು. ನಾಲ್ಕು ಎಕರೆಯಲ್ಲಿ ನನ್ನ ಅರ್ಧವನ್ನು ತಮ್ಮನ ಹೆಂಡತಿಗೂ ಮಗನಿಗೂ ಬಿಟ್ಟುಕೊಡುವದಾಗಿ ಅದರಲ್ಲಿ ಬರೆದಿತ್ತು. ತಮ್ಮನು ಇರುವಾಗಲೇ ಮಾಡಬೇಕಾಗಿದ್ದ ಕೆಲಸ. ಅವನು ಕೇಳಲಿಲ್ಲ, ನಾನು ಮಾಡಲಿಲ್ಲ. ಬೋರ್‌ವೆಲ್ಲಿಗೆ ಸಾಲ ತೆಗೆಯಲು ಒಮ್ಮೆ ನನ್ನ ಸಹಿಗೆ ಬಂದು, ನಾನು ಊರಲ್ಲಿಲ್ಲದ್ದಕ್ಕೆ ಬರಿಗೈಯಿಂದ ತಿರುಗಿ ಹೋದನೆಂದು ಆಮೇಲೆ ತಿಳಿದದ್ದುಂಟು. ಆ ರಾತ್ರಿಯೇ ಹುಡುಗನಿಗೆ ಹೇಳಬೇಕೆಂದು ಬಾಯಿಯ ತನಕ ಬಂದಿತು. ಆದರೆ ಅವನ ತಾಯಿಯೆದುರಿಗೆ ಹೇಳುವದೇ ಯೋಗ್ಯವೆಂದು ತಡೆದುಕೊಂಡೆನು. ಆಕೆಯು ಪತಿಯು ತೀರಿದ ಮೇಲೆ ಹುಕ್ಕೇರಿಯ ಕಡೆಗಿರುವ ತನ್ನ ತವರುಮನೆಯಲ್ಲಿದ್ದಳು. ನಮ್ಮ ಪಯಣದ ಕೊನೆಯ ನಿಲುಗಡೆ ಅದೇ ಆಗಿತ್ತು.

ಮೂರನೆಯ ದಿನ ಘಟಪ್ರಭೆಯನ್ನು ದಾಟಿ ಮೂಡಲಗಿಗೆ ಹೋದೆವು. ಮೊದಲು ಗೋಕಾವಿಯ ತಾಲೂಕಿನೊಳಗೇ ಇದ್ದ ಮೂಡಲಗಿ ಈಗ ತಾನೇ ತಾಲೂಕಾಗಿದೆ. ಪೇಟೆಯ ಗದ್ದಲದಲ್ಲಿ ಅದರ ಹೆಮ್ಮೆ ಕಾಣುವದು. ಅಲ್ಲಿ ಚಹ ಕುಡಿದು, ಗಾಲಿಗೆ ಗಾಳಿ ಸರಿ ಮಾಡಿಸಿ ಹೊರಟೆವು. ಮಡ್ಡಿಯಿಂದ ಬಂದ ಕಣ್ಣಿಗೆ ಈ ದಂಡೆಯು ಬೇರೊಂದು ರಾಜ್ಯ. ಹತ್ತೊಂಬತ್ತನೆಯ ಶ.ಮಾ.ದ ಕೊನೆಗೆ ಧೂಪದಾಳದಲ್ಲಿ ನದಿಗೆ ಒಡ್ಡು ಕಟ್ಟಿ ತಿರುಗಿಸಿದ ನೀರು ಎಡದಂಡೆಯ ಕಾಲುವೆಯಲ್ಲಿ ಹರಿದು, ಎತ್ತ ನೋಡಿದತ್ತ ಕಬ್ಬು, ಗೋವಿನಜೋಳ, ಅರಿಷಿಣ. ಆದರೆ ಕಾಲುವೆಯ ಪಕ್ಕದ ಒಂದು ಒಳದಾರಿಯಲ್ಲಿ ಹುಡುಗನು ನನಗೆ ಇನ್ನೊಂದನ್ನು ತೋರಿಸಿದನು. ಅಲ್ಲಲ್ಲಿ ಹೊಲಗಳ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿಯ ಪೊರೆ. ಬಸಿದು ಹೋಗಲು ದಾರಿಯಿಲ್ಲದೆ ಮೇಲಿಂದ ಮೇಲೆ ನೀರು ಬಿಟ್ಟುದರಿಂದ ತಳದ ಉಪ್ಪು ಮೇಲೇರಿ ನೆಲವು ಸವುಳಾಗಿರುವದು. ಕೋಶದಲ್ಲಿ ಊಷರವೆಂಬ ಶಬ್ದವನ್ನು ಓದಿದಾಗ ಸಮುದ್ರತೀರದ ಯಾವದೋ ನೆಲವೆಂದು ತಿಳಿದಿದ್ದೆನು. ನೀರಿಲ್ಲದೆ ಆದ ಬಯಲಿನಲ್ಲಿ ಮಳೆ ಬಂದರೆ ಗರಿಕೆಯಾದರೂ ಏಳುವದು. ನೀರು ಹೆಚ್ಚಾಗಿ ಆದ ಈ ಬಯಲಿನಲ್ಲಿ ಅದೂ ಏಳುವದಿಲ್ಲ. ಬಸಿಗಾಲುವೆಗಳನ್ನು ತೋಡಿ ಇದನ್ನು ತಿದ್ದಬಹುದೆಂದು ಬಲ್ಲವರು ಹೇಳುವರು. ತಿದ್ದುವದಕ್ಕೆ ನೆರೆಹೊರೆಯ ಹೊಲದವರು ಒಂದಾಗಬೇಕು, ಅಲ್ಲಿಯೇ ಕಷ್ಟ.

ಅರಭಾವಿ, ಘಟಪ್ರಭಾ, ಧೂಪದಾಳಗಳನ್ನು ಹಾದು ಹುಕ್ಕೇರಿಯನ್ನು ಮುಟ್ಟಿದಾಗ ಸಂಜೆ. ಆದಿಲಶಾಹಿ ಕಾಲದ ಗುಮ್ಮಟಗಳ ಮೇಲೆ ಪಾರಿವಾಳಗಳು ಗೂಡು ಸೇರುತ್ತಿದ್ದವು. ಊರ ತುಂಬ ದೀಪ ಹತ್ತಿದವು. ಈ ತಾಲೂಕಿನವರು ೧೯೬೯ರಷ್ಟು ಹಿಂದೆಯೇ ಸಹಕಾರಿ ಸಂಘ ಮಾಡಿಕೊಂಡು ಹಳ್ಳಿಹಳ್ಳಿಗೆ ವಿದ್ಯುತ್ತನ್ನು ಒಯ್ದವರು. ಆ ರಾತ್ರಿ ಹಿಡಕಲ್ಲಿನ ಜಲಾಶಯದ ಹಿನ್ನೀರಿನ ಅಂಚಿಗೆ ಗಾಡಿ ನಿಲ್ಲಿಸಿದೆವು. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ಹಳೆಯ ವಿಠ್ಠಲನ ಗುಡಿಯು ಹೊರಗೆ ಬರುವದೆಂದು ಹುಡುಗನಿಗೆ ನೋಡುವ ಹಂಬಲ. ಮುಂಜಾನೆ ಹೋಗಿ ನೋಡಿದೆವು. ವರುಷದ ಹೆಚ್ಚಿನ ಕಾಲ ನೀರೊಳಗೇ ಇದ್ದರೂ ಕಲ್ಲು ಕಲ್ಲಿನ ಮೇಲೆ ನಿಂತಿದೆ. ಹುಡುಗನು ಕೈಮುಗಿದನು, ನಾನೂ ಮುಗಿದೆನು. ಮನಸ್ಸು ಮಾತ್ರ ಮುಂದಿನ ಭೇಟಿಯ ಮೇಲಿತ್ತು.

ತಮ್ಮನ ಹೆಂಡತಿಯು ನನ್ನೆದುರಿಗೆ ಬಂದು ಮಾತಾಡುವವಳಲ್ಲ. ನಮ್ಮಲ್ಲಿ ಭಾವನ ಮುಂದೆ ಸೆರಗು ಎಳೆದುಕೊಂಡು, ಹೇಳಬೇಕಾದುದನ್ನು ಮಗನಿಗೆ ಹೇಳಿದಂತೆ ಮಾಡಿ ಕೇಳಿಸುವದು ಹಳೆಯ ವಾಡಿಕೆ. ನಾನು ಜಗಲಿಯ ಮೇಲೆ ಕುಳಿತೆನು, ಆಕೆಯು ಒಳಬಾಗಿಲಲ್ಲಿ ನಿಂತಳು, ಹುಡುಗನು ನಡುವೆ. ನಾನು ಕಾಗದವನ್ನು ತೆಗೆದು, ಇದರಲ್ಲಿ ಹೀಗೆ ಹೀಗೆ ಬರೆದಿದೆಯೆಂದು ಓದಿ ಹೇಳಿದೆನು. ಹುಡುಗನು ತಲೆ ತಗ್ಗಿಸಿದನು. ಒಳಗಿನಿಂದ ಬಹಳ ಹೊತ್ತು ಉತ್ತರ ಬರಲಿಲ್ಲ. ನಾನು ಸಂಕೋಚದಿಂದ ಏನಾದರೂ ಹೇಳಬೇಕೆಂದು, "ಮೂವತ್ತು ವರ್ಷ ಆ ಹೊಲದ ಜೋಳ ಉಂಡೇನವ್ವಾ. ಬರಗಾಲದಾಗೂ ಅದು ನನಗ ತಪ್ಪಲಿಲ್ಲ. ಇನ್ನ ಸಾಕು" ಎಂದೆನು.

ಆಗ ಆಕೆಯೆಂದಳು: "ನಿಮ್ಮ ದೊಡ್ಡಪ್ಪಗ ಹೇಳೋ. ಆ ಹೊಲಾ ಎಲ್ಲಾ ವರ್ಷ ಬೆಳದಿಲ್ಲ. ಬರಾ ಬಿದ್ದಾಗೆಲ್ಲಾ ನಿಮ್ಮಪ್ಪ ಮೂಡಲಗಿ ಸಂತ್ಯಾಗ ಕೊಂಡು ಕಳಿಸ್ತಿದ್ದ. ಒಂದ ವರ್ಷ ಸಾಲಾ ಮಾಡಿ ಕಳಿಸ್ಯಾನ. ಹೇಳಬ್ಯಾಡಂತ ನನಗ ಆಣಿ ಹಾಕಿದ್ದ. ಈಗ ಆಣಿ ಹಾಕಿದಾಂವ ಇಲ್ಲ, ಅದಕ್ಕ ಹೇಳಾಕತ್ತೇನಿ."

ಹುಡುಗನು ನನ್ನ ಮುಖವನ್ನು ನೋಡಲಿಲ್ಲ. ಅವನಿಗೂ ಇದು ಹೊಸದೇ ಆಗಿತ್ತು. ೨೦೦೩ರಲ್ಲಿ ನನಗೆ ತಿಂಗಳ ಪಗಾರವಿತ್ತು. ಮನೆಯಲ್ಲಿ ಕಾಳಿನ ಕೊರತೆಯಿರಲಿಲ್ಲ. ಆ ಚೀಲವನ್ನು ಇಳಿಸಿಕೊಂಡು, ಹಮಾಲಿಗೆ ನಾಲ್ಕು ರೂಪಾಯಿ ಹೆಚ್ಚು ಕೇಳಿದನೆಂದು ನಾನು ಅಂದು ಜಗಳವಾಡಿದ್ದು ನೆನಪಿದೆ.

ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಹತ್ತಿತು. ಊಟಕ್ಕೆ ಕುಳಿತಾಗ ಆಕೆಯು ಮತ್ತೆ ಮಗನಿಗೆಂದಳು: "ಕಾಗದಾ ಮಾಡಿಸೋದಾದರ ಮಾಡಸ್ರಿ. ಆದರ ಚೀಲಾ ತಪ್ಪಸಬ್ಯಾಡಂತ ನಿಮ್ಮಪ್ಪ ಹೇಳ್ಯಾನ. ಅದನ್ನ ಆ ಕಾಗದದಾಗ ಬರಸಬ್ಯಾಡ್ರಿ, ಅಷ್ಟ."

ತಿರುಗಿ ಬರುವಾಗ ಹೆದ್ದಾರಿಯಿಂದಲೇ ಬಂದೆವು. ಹುಡುಗನು ತಾಡಪತ್ರಿಯನ್ನು ಬಿಚ್ಚಿ ಕಮಾನುಗಳನ್ನು ಕಳಚಿಟ್ಟನು. ಮರುದಿನ ಬದನೆಯ ಬಾಡಿಗೆಯಿತ್ತು. ಕಾಗದಕ್ಕೆ ಇಬ್ಬರು ಸಾಕ್ಷಿಗಳು ಬೇಕೆಂದು ವಕೀಲರು ತಿಳಿಸಿರುವರು. ಬರುವ ಸೋಮವಾರ ಮೂಡಲಗಿಗೆ ಹೋಗತಕ್ಕದ್ದಿದೆ.